ಫ್ರೀಲಾನ್ಸ್ ಡಿಸೈನರ್‌ಗೆ ಲಿಂಕ್ಡ್‌ಇನ್ ಎಷ್ಟು ಉಪಯೋಗ? ಹುಬ್ಬಳ್ಳಿಯಿಂದ ನನ್ನ ಅನುಭವ

ನಾನು ಜಿಗ್ ಮತ್ತು ಫಿಕ್ಸ್ಚರ್ ಡಿಸೈನ್ ಮಾಡುತ್ತೇನೆ. ಎರಕ ಹೊಯ್ದ ಭಾಗವನ್ನು ಮಷೀನಿನ ಮೇಲೆ ಅಲುಗಾಡದಂತೆ, ಪ್ರತಿ ಸಲ ಅದೇ ಜಾಗದಲ್ಲಿ ಕೂರುವಂತೆ ಹಿಡಿಯುವ ಸಾಧನ ಅದು. ಮೊದಲು ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಕಂಪನಿಯಲ್ಲಿ ಸಂಬಳಕ್ಕಿದ್ದೆ. ಈಗ ಹುಬ್ಬಳ್ಳಿ ವಿದ್ಯಾನಗರದ ಮನೆಯಿಂದಲೇ ಗುತ್ತಿಗೆ ಮೇಲೆ ಮಾಡುತ್ತೇನೆ. ನೌಕರಿ ಬಿಟ್ಟು ಸ್ವಂತ ಶುರು ಮಾಡಬೇಕು ಅನ್ನುವ ಹುಡುಗ ಹುಡುಗಿಯರು ಕೇಳುವ ಮೊದಲ ಪ್ರಶ್ನೆ, "ಮೇಡಂ, ಲಿಂಕ್ಡ್‌ಇನ್‌ನಾಗ ಕೆಲಸ ಸಿಗ್ತದೇನ್ರಿ?"

ಕಸುಬಿನ ಪರಿಚಯಗಳನ್ನು ಜೋಡಿಸುವ ಆ ಸೈಟ್‌ನಲ್ಲಿ ಖಾತೆ ಇರಲೇಬೇಕು ಅನ್ನುತ್ತೇನೆ. ಆದರೆ ಅದೇ ಕೆಲಸ ತಂದುಕೊಡುತ್ತದೆ ಅಂತ ಕಾಯುತ್ತ ಕೂರಬೇಡಿ. ನಿಮ್ಮ ಕೆಲಸ ನೋಡಿದವರು ಈಗ ಎಲ್ಲಿದ್ದಾರೆ ಅಂತ ಅದು ನಿಮಗೆ ತೋರಿಸುತ್ತದೆ. ನಿಮ್ಮ ಹೆಸರು ಬೇರೆಯವರಿಂದ ಕೇಳಿದವರಿಗೆ ನೀವು ಯಾರು ಅಂತ ತೋರಿಸುತ್ತದೆ. ನಮ್ಮಂಥವರಿಗೆ ಅದರ ನಿಜವಾದ ಬೆಲೆ ಇಷ್ಟರಲ್ಲೇ ಇದೆ, ಮತ್ತು ಇದು ಸಣ್ಣ ಬೆಲೆ ಅಲ್ಲ.

ಊರೊಳಗಿನ ಕೆಲಸಕ್ಕೆ ಮಾತ್ರ ಇದರ ಆಸೆ ಬಿಡಿ. ಗೋಕುಲ ರೋಡ್, ತಾರಿಹಾಳದ ಕಡೆ ನಾನು ಬಲ್ಲ ಸಣ್ಣ ವರ್ಕ್‌ಶಾಪ್ ಮಾಲೀಕರಲ್ಲಿ ಜಾಸ್ತಿ ಜನ ಈ ಸೈಟ್ ತೆರೆಯುವುದೇ ಇಲ್ಲ. ಅವರ ವ್ಯವಹಾರವೆಲ್ಲ ಫೋನ್ ಮತ್ತು ವಾಟ್ಸಾಪ್. ಒಬ್ಬ ಟೂಲ್‌ರೂಮ್ ಮೇಸ್ತ್ರಿ ಇನ್ನೊಬ್ಬರಿಗೆ, "ಆ ಮೇಡಂ ಡ್ರಾಯಿಂಗ್ ಭಾಳ ಛಲೋ ಇರ್ತಾವ್ರಿ, ಕೊರದ್ರ ಸೀದಾ ಕುಂದರ್ತಾವ" ಅಂದರೆ ಮುಗಿಯಿತು, ಮರುದಿನ ಫೋನ್ ಬರುತ್ತದೆ. ಆ ಮಾತು ಹುಟ್ಟಬೇಕಾದರೆ ನಾವು ಶಾಪ್‌ಗೆ ಹೋಗಬೇಕು, ಮೊದಲ ಪೀಸ್ ಮಷೀನಿನ ಮೇಲೆ ಕೂರಿಸುವಾಗ ಆಪರೇಟರ್ ಪಕ್ಕ ನಿಂತಿರಬೇಕು. ಕ್ಲಾಂಪಿನ ನಟ್‌ಗೆ ಸ್ಪ್ಯಾನರ್ ಹೋಗುವುದಿಲ್ಲ, ಚಿಪ್ಸ್ (ಕೊರೆದಾಗ ಬೀಳುವ ಲೋಹದ ಚೂರು) ಕೂತು ಪಿನ್ ಮುಚ್ಚಿಹೋಗುತ್ತದೆ, ಇಂಥ ಮಾತನ್ನು ಅವರ ಬಾಯಿಂದಲೇ ಕೇಳಬೇಕು. ಯಾವ ಪೋಸ್ಟ್ ಹಾಕಿದರೂ ಇದಕ್ಕೆ ಬದಲಿ ಆಗುವುದಿಲ್ಲ.

ಹೊರಗಿನ ಕೆಲಸಕ್ಕೆ ಬಂದರೆ ಚಿತ್ರ ಬೇರೆ. ನಮ್ಮ ಕಡೆ ತರಬೇತಿ ಪಡೆದ ಎಂಜಿನಿಯರ್‌ಗಳು ಇಲ್ಲೇ ಉಳಿಯುವುದು ಕಡಿಮೆ ಅಲ್ವಾ? ಪುಣೆ, ಚಾಕಣ, ಹೊಸೂರು, ಬೆಳಗಾವಿ ಅಂತ ಹೋಗುತ್ತಾರೆ. ಕಂಪನಿ ಕೊಟ್ಟ ಸಿಮ್ ವಾಪಸ್ ಕೊಟ್ಟು ಹೋಗುತ್ತಾರೆ, ನಮ್ಮ ಫೋನಿನಲ್ಲಿದ್ದ ನಂಬರ್ ಸತ್ತುಹೋಗುತ್ತದೆ. ಆದರೆ ಹೊಸ ಕಂಪನಿ ಸೇರಿದ ಕೂಡಲೇ ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಕೆಳಗಿನ ಸಾಲು ಅವರೇ ಬದಲಿಸಿರುತ್ತಾರೆ. ತಾನೇ ತಿದ್ದಿಕೊಳ್ಳುವ ವಿಳಾಸದ ಪುಸ್ತಕ ಇದು. ನನ್ನ ಕೈಕೆಳಗೆ ಟ್ರೈನಿ ಆಗಿದ್ದ ಹುಡುಗನೊಬ್ಬ ಚಾಕಣದ ಒಂದು ಕಂಪನಿಯ ಟೂಲಿಂಗ್ ವಿಭಾಗಕ್ಕೆ ಸೇರಿದ್ದು ನನಗೆ ಗೊತ್ತಾಗಿದ್ದೇ ಹಾಗೆ. ಸುಮ್ನೆ ಶುಭಾಶಯ ಹೇಳಿ, ನಾನೀಗ ಸ್ವಂತ ಮಾಡುತ್ತಿದ್ದೇನೆ ಅಂತ ಒಂದು ಸಾಲು ಬರೆದೆ. ಕೆಲವು ತಿಂಗಳಾದ ಮೇಲೆ ಅವರ ಡಿಸೈನರ್ ರಜೆ ಮೇಲಿದ್ದಾಗ ಒಂದು ಪಂಪ್ ಕೇಸಿಂಗ್ ಫಿಕ್ಸ್ಚರ್ ನನ್ನ ಕಡೆ ಬಂತು. ಅವರ ಪರ್ಚೇಸ್ ಮ್ಯಾನೇಜರ್ ಪಿಒ (ಪರ್ಚೇಸ್ ಆರ್ಡರ್) ಕಳಿಸುವ ಮೊದಲು ನನ್ನ ಪ್ರೊಫೈಲ್ ಪೂರ್ತಿ ಓದಿದ್ದರು. ಫೋನಿನಲ್ಲಿ ಕೇಳಿದ ಪ್ರಶ್ನೆಯಲ್ಲೇ ಅದು ತಿಳಿಯಿತು.

2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ 5 ವರ್ಷದ ಮಾಹಿತಿ ತೆಗೆದುಕೊಂಡು ನೋಡಿದ್ದರು. ಹೊಸ ಉದ್ಯೋಗಕ್ಕೆ ದಾರಿ ಆಗುವುದು ತೀರಾ ಹತ್ತಿರದವರಿಗಿಂತ ಸಾಧಾರಣ ಪರಿಚಯದವರಿಂದ ಜಾಸ್ತಿ ಅಂತ ಕಂಡಿತು. ಪರಿಚಯ ಏನೂ ಇಲ್ಲ ಅನ್ನುವಷ್ಟು ದೂರದವರಿಂದ ಅಷ್ಟು ಉಪಯೋಗ ಕಾಣಲಿಲ್ಲ. ಅದು ಸಂಬಳದ ಉದ್ಯೋಗದ ಲೆಕ್ಕ, ಗುತ್ತಿಗೆಯದ್ದಲ್ಲ. ಆದರೂ ನನ್ನ ಅನುಭವಕ್ಕೆ ಸರಿಯಾಗಿ ಹೊಂದುತ್ತದೆ. ಮನೆಯವರು, ಗೆಳತಿಯರಿಗೆ ನನಗೆ ಗೊತ್ತಿರುವ ಕಂಪನಿಗಳೇ ಗೊತ್ತು. ಸಿಕ್ಕಸಿಕ್ಕ ಅಪರಿಚಿತರಿಗೆ ಕನೆಕ್ಟ್ ಒತ್ತಿ ಸಾವಿರ ದಾಟಿಸಿದರೆ ಅವರು ನಮ್ಮ ಕೆಲಸ ನೋಡಿಯೇ ಇಲ್ಲ. ನಡುವಿನವರೇ ಮುಖ್ಯ: ಹಳೆಯ ಸಹೋದ್ಯೋಗಿ, ಹಳೆಯ ವೆಂಡರ್, ಒಮ್ಮೆ ಆಡಿಟ್‌ಗೆ ಬಂದಿದ್ದ ಕ್ವಾಲಿಟಿಯವರು.

ಇನ್ನು ಪ್ರೊಫೈಲ್. ಹೆಸರಿನ ಕೆಳಗೆ 220 ಅಕ್ಷರದ ಜಾಗ ಇದೆ. ಅಲ್ಲಿ ಬರೀ "ಫ್ರೀಲಾನ್ಸರ್" ಅಂತ ಬರೆದರೆ ಯಾರ ಹುಡುಕಾಟದಲ್ಲೂ ನೀವು ಬರುವುದಿಲ್ಲ. ವಿಎಂಸಿ, ಎಚ್‌ಎಂಸಿ (ಇವು ಮಷೀನಿನ ಬಗೆಗಳು) ಫಿಕ್ಸ್ಚರ್, ವಾಲ್ವ್ ಬಾಡಿ, ಪಂಪ್ ಕೇಸಿಂಗ್, ಸಾಲಿಡ್‌ವರ್ಕ್ಸ್, ಹುಬ್ಬಳ್ಳಿ ಅಂತ ಹುಡುಕುವವರು ಟೈಪ್ ಮಾಡುವ ಪದಗಳನ್ನೇ ಹಾಕಿ. ಫೋಟೋ ಸುತ್ತ ಬರುವ ಹಸಿರು ಪಟ್ಟಿ ನೌಕರಿ ಹುಡುಕುವವರಿಗೆ. ನಮಗಿರುವುದು ಸೇವೆಗಳ ಪುಟ, ಅಂದರೆ ನಾವು ಮಾಡಿಕೊಡುವ ಕೆಲಸಗಳನ್ನು ಹೇಳುವ ಜಾಗ. ಅದನ್ನು ಹಣ ಕೊಡದೆ ತೆರೆಯಬಹುದು.

ನಮ್ಮ ಕಸುಬಿನಲ್ಲಿ ದೊಡ್ಡ ತೊಡಕು ಒಂದಿದೆ. ಈ ಸೈಟ್ "ನಿಮ್ಮ ಕೆಲಸ ತೋರಿಸಿ" ಅನ್ನುತ್ತದೆ. ನಾವು ತೋರಿಸುವ ಹಾಗಿಲ್ಲ. ಡ್ರಾಯಿಂಗ್ ಗಿರಾಕಿಯ ಸೊತ್ತು, ಗುಟ್ಟು ಕಾಯುವ ಒಪ್ಪಂದಕ್ಕೆ ಸಹಿ ಹಾಕಿರುತ್ತೇವೆ. ವೆಬ್‌ಸೈಟ್ ಮಾಡುವವರು ಲಿಂಕ್ ಕೊಡುತ್ತಾರೆ, ಫೋಟೋಗ್ರಾಫರ್ ಫೋಟೋ ಹಾಕುತ್ತಾನೆ, ಫಿಕ್ಸ್ಚರ್ ಡಿಸೈನರ್ ಏನು ಹಾಕಬೇಕು? ಕೆಲವರು ಭಾಗದ ನಂಬರ್ ಅಳಿಸಿ ಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಲೈನಿನಲ್ಲಿರುವವರು ಎರಕದ ಆಕಾರ ನೋಡಿಯೇ ಯಾರದ್ದು ಅಂತ ಗುರುತು ಹಿಡಿಯುತ್ತಾರೆ.

ನಾನು ಯಾರ ಸೊತ್ತೂ ಅಲ್ಲದ ಒಂದು ಟೀ ಆಕಾರದ ಪೈಪ್ ಜೋಡಣೆಯನ್ನು ನಾನೇ ಮಾಡೆಲ್ ಮಾಡಿಕೊಂಡು, ಅದಕ್ಕೆ ಪೂರ್ತಿ ಫಿಕ್ಸ್ಚರ್ ಡಿಸೈನ್ ಮಾಡಿ ಹಾಕಿದೆ. ಕೆಳಗೆ ಮೂರು, ಪಕ್ಕಕ್ಕೆ ಎರಡು, ತುದಿಗೆ ಒಂದು, ಹೀಗೆ ಆರು ಬಿಂದುಗಳಲ್ಲಿ ಭಾಗವನ್ನು ಏಕೆ ಕೂರಿಸಬೇಕು ಅಂತ ಬರೆದೆ. ಎರಕದ ಮೈ ಒರಟಾಗಿರುತ್ತದೆ, ಕೆಳಗೆ ನಾಲ್ಕನೆಯ ಗಟ್ಟಿ ಆಸರೆ ಕೊಟ್ಟರೆ ಅದು ಕುಣಿಯುತ್ತದೆ. ಅದಕ್ಕೇ ಅಲ್ಲಿ ಹೊಂದಿಸಿಕೊಳ್ಳುವ ಜಾಕ್ ಬೇಕು. ಇಷ್ಟನ್ನು ಸೆಕ್ಷನ್ (ಸೀಳಿ ಒಳಗು ತೋರಿಸುವ) ಚಿತ್ರದ ಜೊತೆ ಹಾಕಿದ್ದಕ್ಕೆ ಲೈಕ್ ಹೆಚ್ಚೇನೂ ಬರಲಿಲ್ಲ. ಆದರೆ ಹೊಸ ಗಿರಾಕಿ "ನಿಮ್ಮ ಕೆಲಸ ತೋರಿಸಿ" ಅಂದಾಗಲೆಲ್ಲ ನಾನು ಕಳಿಸುವುದು ಅದನ್ನೇ. ಮಷೀನ್ ಬಲ್ಲವರಿಗೆ ಆ ಒಂದು ಚಿತ್ರ ಸಾಕು.

ಸ್ಕಿಲ್‌ಗಳಿಗೆ ಬೀಳುವ ಎಂಡಾರ್ಸ್‌ಮೆಂಟ್ ಸುಮ್ನೆ ಒಂದು ಕ್ಲಿಕ್, ಅದಕ್ಕೆ ತೂಕ ಇಲ್ಲ. ಜೊತೆಗೆ ಕೆಲಸ ಮಾಡಿದವರು ತಮ್ಮ ಹೆಸರಿನಲ್ಲಿ ನಾಲ್ಕು ಸಾಲು ಶಿಫಾರಸು ಬರೆದರೆ ತೂಕ ಇದೆ. ಕೆಲಸ ಮುಗಿದು ಗಿರಾಕಿ ಖುಷಿಯಲ್ಲಿರುವಾಗಲೇ ಕೇಳಿ.

ಜಾಬ್ಸ್ ವಿಭಾಗದಲ್ಲಿ ಕಾಂಟ್ರಾಕ್ಟ್ ಅಂತ ಆರಿಸಿಕೊಳ್ಳಬಹುದು. ನಮ್ಮ ಲೈನಿನಲ್ಲಿ ನನಗೆ ಅಲ್ಲಿ ಕಂಡಿದ್ದು ಜಾಸ್ತಿ ಏಜೆನ್ಸಿ ಮೂಲಕ ವರ್ಷಗಟ್ಟಲೆ ಕೂರಿಸುವ ಕೆಲಸ. ಒಂದೊಂದೇ ಕೆಲಸ ಹಿಡಿಯುವ ನಮಗೆ ಅದು ಒಗ್ಗುವುದಿಲ್ಲ. ಪೋಸ್ಟ್‌ಗಳಲ್ಲಿ "ಫಿಕ್ಸ್ಚರ್ ಡಿಸೈನ್" ಅಂತ ಇಂಗ್ಲಿಷಿನಲ್ಲಿ ಹುಡುಕಿ, ಹೊಸದು ಮೊದಲು ಬರುವಂತೆ ಇಟ್ಟುಕೊಳ್ಳುವುದು ಮೇಲು. ಹಣ ಕೊಡಬೇಕಾದ ಪ್ರೀಮಿಯಂ ಖಾತೆ ನಾನು ತೆಗೆದುಕೊಂಡಿಲ್ಲ. ಅಪರಿಚಿತರಿಗೆ ನೇರ ಮೆಸೇಜ್ ಕಳಿಸುವ ಸೌಲಭ್ಯ ಅದರಲ್ಲಿದೆ, ಪ್ರೊಫೈಲ್ ನೋಡಿದವರ ಇನ್ನೂ ಉದ್ದದ ಪಟ್ಟಿ ಸಿಗುತ್ತದೆ. ಬೇರೆ ಕಸುಬಿನವರಿಗೆ ಅದು ಬೇಕಾಗಬಹುದು. ಪರಿಚಯದವರಿಂದಲೇ ಕೆಲಸ ಬರುವ ನನಗೆ ಬೇಕಿಲ್ಲ.

ಫ್ರೀಲಾನ್ಸ್ ಕೆಲಸಕ್ಕೆಂದೇ ಇರುವ ಅಪ್‌ವರ್ಕ್‌ನಂಥ ಸೈಟ್‌ಗಳಲ್ಲಿ ಕೆಲಸಕ್ಕೆ ಅರ್ಜಿ ಹಾಕಲು ಕನೆಕ್ಟ್ಸ್ ಅನ್ನುವ ಟೋಕನ್ ಖರ್ಚಾಗುತ್ತದೆ, ಗಳಿಕೆಯಲ್ಲೂ ಶುಲ್ಕ ಹಿಡಿಯುತ್ತಾರೆ. ಆದರೆ ಅಲ್ಲಿ ಗಿರಾಕಿಯ ಹಣವನ್ನು ಮೊದಲೇ ಇರಿಸಿಕೊಳ್ಳುವ ಏರ್ಪಾಡು ಇದೆ. ಲಿಂಕ್ಡ್‌ಇನ್‌ನಲ್ಲಿ ಪರಿಚಯವಾದವರ ಜೊತೆ ಹಣದ ಮಾತು ನಮ್ಮ ನಮ್ಮಲ್ಲೇ ನಡೆಯಬೇಕು. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಪರಿಚಿತರು ಬಂದು "ಟ್ರಯಲ್‌ಗೆ ಒಂದು ಡ್ರಾಯಿಂಗ್ ಮಾಡಿಕೊಡಿ, ಇಷ್ಟವಾದರೆ ಮುಂದೆ ಬಹಳ ಕೆಲಸ ಇದೆ" ಅನ್ನುತ್ತಾರೆ. ಆ ಒಂದು ಡ್ರಾಯಿಂಗೇ ಅವರಿಗೆ ಬೇಕಾಗಿರುವ ಕೆಲಸ ಆಗಿರಬಹುದು. ನೋಂದಣಿ ಶುಲ್ಕ ಕೇಳುವವರನ್ನು, ಮಾತು ಶುರುವಾಗುತ್ತಲೇ ಟೆಲಿಗ್ರಾಮ್‌ಗೆ ಬನ್ನಿ ಅನ್ನುವವರನ್ನು ಅಲ್ಲೇ ಬಿಟ್ಟುಬಿಡಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಅದಕ್ಕೆ ಶುಲ್ಕ ಇಲ್ಲ. ಆ ನಂಬರನ್ನು ಪ್ರತಿ ಇನ್‌ವಾಯ್ಸ್ ಮೇಲೆ ಹಾಕಿ. 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ, ಬರವಣಿಗೆಯಲ್ಲಿ ಏನೇ ಒಪ್ಪಿಕೊಂಡಿದ್ದರೂ ಕೆಲಸ ಒಪ್ಪಿಸಿಕೊಂಡವರು ಹಣ ಕೊಡಲು 45 ದಿನಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು.

ಹೊಸ ಗಿರಾಕಿ ಜೊತೆ ನನ್ನ ಕ್ರಮ ಹೀಗಿದೆ. ಪಿಒ ಮತ್ತು ಅಡ್ವಾನ್ಸ್ ಬಂದ ಮೇಲೆ ಕೆಲಸ ಶುರು. ಒಪ್ಪಿಗೆಗೆ ಕಳಿಸುವುದು ಅಳತೆ ಇಲ್ಲದ ಪಿಡಿಎಫ್. ಅದನ್ನು ಅವರ ಪ್ರೊಡಕ್ಷನ್‌ನವರು, ಆಪರೇಟರ್ ಇಬ್ಬರೂ ನೋಡಲಿ ಅಂತ ಕೇಳುತ್ತೇನೆ. ಬಾಕಿ ಜಮಾ ಆದ ದಿನವೇ ಅಳತೆ ಇರುವ ಡ್ರಾಯಿಂಗ್, ಸ್ಟೆಪ್ ಫೈಲ್ (3ಡಿ ಮಾಡೆಲ್), ಸಾಮಾನಿನ ಪಟ್ಟಿ ಮೂರನ್ನೂ ಕಳಿಸುತ್ತೇನೆ.