ಪೋಲೆಂಡ್ ಅಕ್ಕನ ಹೋಂಸ್ಟೇ: ಅತಿಥಿಗಳ ತಿಂಡಿಗಿಂತ ಮನೆಯವರ ಊಟ ರುಚಿ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ ಇಳಿದು, ತೋಟದ ಮಣ್ಣುದಾರಿಯಲ್ಲಿ ಕಾಲು ಗಂಟೆ ನಡೆದರೆ ಸಿಗುವ ಈ ಹೋಂಸ್ಟೇಗೆ ನಾಮಫಲಕವಿಲ್ಲ. "ಪೋಲೆಂಡ್ ಅಕ್ಕನ ಮನೆ" ಎಂದರೆ ಊರಿನಲ್ಲಿ ಯಾರಾದರೂ ದಾರಿ ತೋರಿಸುತ್ತಾರೆ; ಅಕ್ಕ ಪೋಲೆಂಡಿನಿಂದ ಬಂದ ಈ ಮನೆಯ ಸೊಸೆ. ಶ್ರಾವಣದ ಮಳೆಯಲ್ಲಿ ನಾವು ನಾಲ್ವರು ಅಲ್ಲಿ ಎರಡು ರಾತ್ರಿ ತಂಗಿದ್ದೆವು. ಊಟ ತಿಂಡಿ ಸೇರಿ ಒಬ್ಬರಿಗೆ ದಿನಕ್ಕೆ 1,600 ರೂಪಾಯಿ.

ಹಂಡೆಯ ಬಿಸಿನೀರಿಗೆ ಕೊರತೆಯಿರಲಿಲ್ಲ, ಆದರೆ ಹೊದಿಕೆ ಪೂರ್ತಿ ಒಣಗಿರಲಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಮಗ್ಗುಲಲ್ಲಿ ಇದನ್ನು ದೂರಾಗಿ ಹೇಳುವುದು ನ್ಯಾಯವಲ್ಲ. ನನ್ನ ದೂರು ಬೆಳಗಿನ ತಿಂಡಿಯದು. ಯುರೋಪಿಯನ್ ಬ್ರೇಕ್‌ಫಾಸ್ಟ್ ಎಂದು ಜಗಲಿಯ ಮೇಜಿನ ಮೇಲೆ ನಮಗಾಗಿ ಇಟ್ಟದ್ದು ಪೇಟೆಯ ಬ್ರೆಡ್ಡು, ಕೆಂಪು ಜಾಮು, ಕಾರ್ನ್‌ಫ್ಲೇಕ್ಸು. ಅದೇ ಹೊತ್ತಿಗೆ ಒಳಗಿನಿಂದ ತುಪ್ಪದಲ್ಲಿ ಏನೋ ಬಾಡಿಸುವ ಪರಿಮಳ ಬರುತ್ತಿತ್ತು. ಸಂಕೋಚ ಬಿಟ್ಟು ಕೇಳಿದ್ದರಿಂದ, ಮಧ್ಯಾಹ್ನದಿಂದ ನಮಗೂ ಅಡುಗೆಮನೆಯಲ್ಲೇ ಮಣೆ ಹಾಕಿದರು.

ಅಲ್ಲಿ ಸಿಕ್ಕಿದ್ದು ಪೋಲೆಂಡಿನ ಪಿಯೆರೋಗಿ. ಮೈದಾ ಕಣಕವನ್ನು ತೆಳ್ಳಗೆ ಲಟ್ಟಿಸಿ, ಲೋಟದ ಬಾಯಿಯಿಂದ ದುಂಡಗೆ ಕತ್ತರಿಸಿ, ಬೇಯಿಸಿದ ಆಲೂಗಡ್ಡೆ ಮತ್ತು ತ್ವಾರುಗ್ ಎಂಬ ಹುಳಿಗಿಣ್ಣಿನ ಹೂರಣವನ್ನು ತುಂಬಿ, ಕುದಿಯುವ ನೀರಿಗೆ ಬಿಟ್ಟು, ಮೇಲೆ ತೇಲಿ ಬಂದ ಕೂಡಲೇ ತೆಗೆಯುವ ಕಡುಬು ಅದು. ಹುಳಿಗಿಣ್ಣನ್ನು ಅಂಗಡಿಯಿಂದ ತರುವುದಿಲ್ಲ. ಕೊಟ್ಟಿಗೆಯ ಮಲೆನಾಡು ಗಿಡ್ಡ ಹಸುಗಳ ಹಾಲು ಹುಳಿಯಾದ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ತೂಗುಹಾಕುತ್ತಾರೆ. ಅಕ್ಕ ಅಂಚನ್ನು ಬೆರಳಿನಿಂದ ಒತ್ತಿ ಮುಚ್ಚಿದರೆ, ಪಕ್ಕದಲ್ಲಿ ಕುಳಿತ ಅತ್ತೆಯವರು ಕರ್ಜಿಕಾಯಿಗೆ ಮಾಡುವಂತೆ ಅಂಚನ್ನು ಹೆಣೆಯುತ್ತಿದ್ದರು. ಬೇಯುವಾಗ ಬಾಯಿ ಬಿಟ್ಟವು ಒತ್ತಿದವೇ ಹೊರತು ಹೆಣೆದವಲ್ಲ, ಮತ್ತು ಅತ್ತೆಯವರು ಅದನ್ನು ಎಣಿಸಿ ಹೇಳಿದರು. ಅವರ ಪಾಲಿನದನ್ನು ಈರುಳ್ಳಿ ಹಾಕದೆ ಬೇರೆ ತೆಗೆದಿಟ್ಟಿದ್ದರು.

ಬೀಟ್‌ರೂಟನ್ನು ಉಪ್ಪುನೀರಿನಲ್ಲಿ ಹುಳಿ ಬರಿಸಿ ಆ ನೀರಿನಿಂದ ಮಾಡುವ ಬಾರ್ಶ್ಚ್ ಎಂಬ ತಿಳಿಸಾರನ್ನು ಲೋಟದಲ್ಲಿ ಕೊಟ್ಟರು. ಅಪ್ಪೆಹುಳಿ ಕುಡಿದು ಬೆಳೆದವರಿಗೆ ಅದು ಹೊಸದೆನ್ನಿಸುವುದಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮುಳ್ಳುಸೌತೆಯ ಉಪ್ಪಿನಕಾಯಿ: ಎಣ್ಣೆಯಿಲ್ಲ, ಖಾರವಿಲ್ಲ, ವಿನಿಗರ್ ಇಲ್ಲ, ಉಪ್ಪುನೀರು, ಸಬ್ಬಸಿಗೆ, ಬೆಳ್ಳುಳ್ಳಿ ಅಷ್ಟೆ. ಪೋಲೆಂಡಿನಲ್ಲಿ ಅದಕ್ಕೆ ಓಕ್ ಅಥವಾ ಚೆರ್ರಿ ಎಲೆ ಹಾಕುತ್ತಾರಂತೆ, ಎಲೆಯ ಒಗರು ಸೌತೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಇಲ್ಲಿ ಆ ಕೆಲಸವನ್ನು ಪೇರಲೆ ಎಲೆ ಮಾಡುತ್ತದೆ. ನಾಗಂದಿಗೆಯ ಮೇಲೆ ಆ ಭರಣಿಯನ್ನು ಅತ್ತೆಯವರ ಹಲಸಿನ ಉಪ್ಪಿನ ಸೊಳೆಯ ಭರಣಿಗೆ ತಾಗಿಸಿ ಇಟ್ಟಿದ್ದರು.

ಊಟದ ನಡುವೆ ಕುಟುಂಬದ ಕಥೆಯೂ ಬಂತು. ಕ್ರಾಕೋವ್‌ನಲ್ಲಿ ಕೆಲಸದಲ್ಲಿದ್ದ ಈ ಮನೆಯ ಮಗನನ್ನು ಮದುವೆಯಾಗಿ, ಮಾವನವರು ಹಾಸಿಗೆ ಹಿಡಿದಾಗ ಅಕ್ಕ ಇಲ್ಲಿಗೆ ಬಂದದ್ದು. ಎರಡನೇ ಮಹಾಯುದ್ಧದ ನಡುವೆ ಬಂದು, 1943ರಿಂದ 1948ರವರೆಗೆ, ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ ಸುಮಾರು 5,000 ಪೋಲಿಷ್ ನಿರಾಶ್ರಿತರು, ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು, ನೆಲೆಸಿದ್ದುದನ್ನು ಗಂಡ ಅತಿಥಿಗಳಿಗೆಲ್ಲ ಉತ್ಸಾಹದಿಂದ ಹೇಳುತ್ತಾರೆ. "ಅವರು ಯುದ್ಧಕ್ಕೆ ಸಿಕ್ಕಿ ಬಂದವರು, ನಾನು ಅತ್ತೆಯವರ ಹಾಗೆ ಮದುವೆಯಾಗಿ ಬಂದವಳು" ಎಂದು ಅಕ್ಕ ಅಲ್ಲಿಗೇ ಮಾತು ಕಡಿದರು. ಒಂದು ವ್ಯತ್ಯಾಸವಿದೆ: ಭಾರತೀಯರನ್ನು ಮದುವೆಯಾದ ವಿದೇಶಿಯರು ಎರಡು ವರ್ಷ ಕಳೆದ ಮೇಲೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಪಡೆಯಬಹುದಾದರೂ, ಆ ಕಾರ್ಡಿನ ಮೇಲೆ ಕೃಷಿಭೂಮಿಯನ್ನಾಗಲಿ ತೋಟವನ್ನಾಗಲಿ ಕೊಳ್ಳುವಂತಿಲ್ಲ. ಅಡಿಕೆಯ ಲೆಕ್ಕವನ್ನೆಲ್ಲ ಬರೆಯುವವರು ಅಕ್ಕನೇ, ಪಹಣಿಯಲ್ಲಿ ಮಾತ್ರ ಹೆಸರಿಲ್ಲ. ಮಕ್ಕಳಿಬ್ಬರೂ ಪೋಲಿಷ್ ರೂಢಿಯಂತೆ ತಾಯಿಯನ್ನು "ಮಾಮಾ" ಎನ್ನುವುದರಿಂದ, ಶಾಲೆಗೆ ಯಾರು ಬರುತ್ತಾರೆಂದು ಕೇಳಿದ ಮೇಷ್ಟ್ರು ಬಹಳ ದಿನ ಸೋದರಮಾವನ ದಾರಿ ಕಾದರಂತೆ.

ಡಿಸೆಂಬರ್ 24ರ ರಾತ್ರಿ ಈ ಮನೆಯಲ್ಲಿ ವಿಗಿಲಿಯಾ ಎಂಬ ಪೋಲೆಂಡಿನ ಕ್ರಿಸ್‌ಮಸ್ ಮುನ್ನಾರಾತ್ರಿಯ ಊಟ ನಡೆಯುತ್ತದೆ. ಅಂದು ಮಾಂಸವಿಲ್ಲದ 12 ಬಗೆ ಅಡುಗೆ ಮಾಡುವುದು ಅಲ್ಲಿಯ ಪದ್ಧತಿ. ಮೀನಿಗೆ ಅಲ್ಲಿ ಅಡ್ಡಿಯಿಲ್ಲ, ಇಲ್ಲಿ ಅದನ್ನೂ ಬಿಟ್ಟಿದ್ದಾರೆ. ಗಸಗಸೆ ತುಂಬಿದ ಮಾಕೋವಿಯೆತ್ಸ್ ಸುರುಳಿಯ ಜೊತೆಗೆ ಅತ್ತೆಯವರ ಗಸಗಸೆ ಪಾಯಸವೂ ಆ ಹನ್ನೆರಡರಲ್ಲಿ ಸೇರುತ್ತದೆ. ಕರೆಯದೆ ಬರುವ ಅತಿಥಿಗಾಗಿ ಒಂದು ಎಲೆ ಹೆಚ್ಚಿಗೆ ಹಾಕಬೇಕು. ಅಡಿಕೆ ಸುಗ್ಗಿಯ ಕಾಲವಾದ್ದರಿಂದ ಕಳೆದ ವರ್ಷ ಲೆಕ್ಕ ಕೇಳಲು ಬಂದ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಆ ಎಲೆಗೆ ಕುಳಿತನಂತೆ.

ಹೋಗುವವರು ಎರಡು ದಿನ ಮೊದಲೇ ಫೋನ್ ಮಾಡಿ, ಬ್ರೆಡ್ಡು ಬೇಡ, ಒಳಗೇ ಕೂರುತ್ತೇವೆ ಎಂದು ಸ್ಪಷ್ಟವಾಗಿ ಹೇಳಬೇಕು. ಮುಳ್ಳುಸೌತೆಯನ್ನು ಅರ್ಧ ಕಿಲೋ ಬಾಟಲಿಗೆ 200 ರೂಪಾಯಿಯಂತೆ ಕೊಡುತ್ತಾರೆ. ಆದರೆ ಅದು ಇನ್ನೂ ಹುಳಿ ಬರುತ್ತಲೇ ಇರುವುದರಿಂದ ಮುಚ್ಚಳವನ್ನು ಬಿಗಿ ಮಾಡಬಾರದು. ಇದನ್ನು ಯಾರೂ ನನಗೆ ಹೇಳಲಿಲ್ಲ, ಶಿವಮೊಗ್ಗ ತಲುಪುವಷ್ಟರಲ್ಲಿ ಅರ್ಧ ಉಪ್ಪುನೀರು ಬ್ಯಾಗಿನೊಳಗಿತ್ತು.