ಮುಂಬೈ ಟೆರೇಸಿಗೆ ಆರ್‌ಜಿ-213: ಕೇಬಲ್ ಗಟ್ಟಿ, ತುದಿ ಜೋಪಾನ

ನಾಲ್ಕು ತಿಂಗಳು ಜಡಿಮಳೆ, ಆಮೇಲೆ ಸುಡುಬಿಸಿಲು, ವರ್ಷವಿಡೀ ಉಪ್ಪುಗಾಳಿ. ಮುಂಬೈಯಲ್ಲಿ ಹ್ಯಾಮ್ (ಹವ್ಯಾಸಿ ರೇಡಿಯೋ) ಆಂಟೆನಾದ ಕೇಬಲ್ ಇಷ್ಟನ್ನೂ ತಾಳಬೇಕು. ಎಚ್‌ಎಫ್‌ಗೂ (ಶಾರ್ಟ್‌ವೇವ್) 2 ಮೀಟರ್ ಬ್ಯಾಂಡಿಗೂ (145 ಮೆಗಾಹರ್ಟ್ಸ್ ಆಸುಪಾಸು) ಆರ್‌ಜಿ-213 ಎಂಬ ದಪ್ಪ ಕೇಬಲ್ ತಗೊಳ್ಳಿ ಎನ್ನುವುದೇ ನಮ್ಮ ಮಾತು.

145 ಮೆಗಾಹರ್ಟ್ಸ್‌ನಲ್ಲಿ 50 ವಾಟ್ ಬಿಟ್ಟರೆ, 20 ಮೀಟರ್ ಉದ್ದದ ತೆಳು ಕೇಬಲ್ ಆರ್‌ಜಿ-58 ಆಂಟೆನಾಗೆ ಮುಟ್ಟಿಸುವುದು ಸುಮಾರು 20 ವಾಟ್. ಆರ್‌ಜಿ-213ರಲ್ಲಿ 34ರ ಆಸುಪಾಸು, ಎಲ್‌ಎಂಆರ್-400 ಎಂಬ ಇನ್ನೊಂದು ಕೇಬಲಿನಲ್ಲಿ 40. ಹಾಗಾದರೆ ಎಲ್‌ಎಂಆರ್ ಯಾಕಲ್ಲ? 435 ಮೆಗಾಹರ್ಟ್ಸ್‌ನ ಬ್ಯಾಂಡಿಗೆ ಅದೇ ಸರಿ. ಆದರೆ ಅದರೊಳಗಿರುವುದು ಫೋಮ್, ಸುತ್ತ ಅಲ್ಯುಮಿನಿಯಂ ಹಾಳೆ, ಅದರ ಮೇಲೆ ತವರ ಲೇಪಿಸಿದ ತಾಮ್ರದ ಜಾಲರಿ. ಉಪ್ಪುನೀರು ಒಳಹೊಕ್ಕರೆ ಅಲ್ಯುಮಿನಿಯಂ ಬಿಳಿ ಪುಡಿಯಾಗುತ್ತದೆ. ಆರ್‌ಜಿ-213ರದ್ದು ಗಟ್ಟಿ ಪಾಲಿಥೀನ್, ತಂತಿ ಪೂರ್ತಿ ತಾಮ್ರ.

ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಳ್ಳುವಾಗ ಮೇಲಿನ ಅಚ್ಚು ನೋಡಿ ನಂಬಬೇಡಿ. ತುದಿಯಲ್ಲಿ ಎರಡು ಸೆಂಟಿಮೀಟರ್ ಸಿಪ್ಪೆ ಸುಲಿಸಿ. ಜಾಲರಿಯ ಸಂದಿಯಲ್ಲಿ ಬಿಳಿ ಪಾಲಿಥೀನ್ ಇಣುಕಿದರೆ ಅದು ಅಗ್ಗದ ಮಾಲು. ನಡುವೆ ಏಳು ಎಳೆ ತಾಮ್ರ ಇರಬೇಕು. ಅಯಸ್ಕಾಂತಕ್ಕೆ ಅಂಟಿದರೆ ಒಳಗೆ ಉಕ್ಕು. ತೂಕವೂ ಸುಳ್ಳು ಹೇಳದು: 10 ಮೀಟರಿಗೆ ಒಂದೂವರೆ ಕಿಲೋ ಆಸುಪಾಸು. ಹೊದಿಕೆ ‘ನಾನ್-ಕಂಟಾಮಿನೇಟಿಂಗ್’ ಪಿವಿಸಿಯೇ ಎಂದು ಡೇಟಾಶೀಟ್‌ನಲ್ಲಿ ನೋಡಿ. ಸಾಮಾನ್ಯ ಪಿವಿಸಿಯನ್ನು ಮೆದುವಾಗಿಡುವ ಎಣ್ಣೆಯಂಥ ಪದಾರ್ಥ ಬರಬರುತ್ತ ಒಳಗಿಳಿದು ಲಾಸ್ (ದಾರಿಯಲ್ಲೇ ಕಳೆದುಹೋಗುವ ಶಕ್ತಿ) ಹೆಚ್ಚಿಸುತ್ತದೆ. ಟಿವಿಯ ಆರ್‌ಜಿ-6 75 ಓಮ್‌ನದು, ಹ್ಯಾಮ್ ಸೆಟ್ಟಿಗೆ ಬೇಕಾದ್ದು 50; ಕೇಳುವುದಕ್ಕೆ ಸಾಕು.

ಇಷ್ಟಾದರೂ ಕೇಬಲ್ ಕೆಡುವುದು ಹೆಚ್ಚಾಗಿ ತುದಿಯಿಂದಲೇ. ಅಲ್ಲಿ ಹಾಕುವ ಪಿಎಲ್-259 ಕನೆಕ್ಟರ್ ನೀರು ತಡೆಯುವುದಿಲ್ಲ. ಒಳಹೋದ ನೀರನ್ನು ಜಾಲರಿ ದೀಪದ ಬತ್ತಿಯಂತೆ ಮೀಟರುಗಟ್ಟಲೆ ಎಳೆದುಕೊಳ್ಳುತ್ತದೆ. ಸುಲಿದಾಗ ತಾಮ್ರ ಕಪ್ಪಗಾಗಿದ್ದರೆ ಹೊಳಪು ಕಾಣುವವರೆಗೂ ಕತ್ತರಿಸಬೇಕು. ಕನೆಕ್ಟರ್ ಒಣಗಿರುವಾಗಲೇ ಸೆಲ್ಫ್-ಅಮಾಲ್ಗಮೇಟಿಂಗ್ (ತನಗೆ ತಾನೇ ಬೆಸೆದುಕೊಳ್ಳುವ) ರಬ್ಬರ್ ಟೇಪನ್ನು ಜಗ್ಗಿ, ಅರ್ಧಕ್ಕರ್ಧ ಒಂದರ ಮೇಲೊಂದು ಬರುವಂತೆ ಸುತ್ತಿ. ಅದರ ಮೇಲೆ ಕಪ್ಪು ಪಿವಿಸಿ ಟೇಪು, ಮಂಗಳೂರು ಹಂಚು ಹೊದಿಸಿದ ಹಾಗೆ ಕೆಳಗಿನಿಂದ ಮೇಲಕ್ಕೆ; ಆಗ ನೀರು ಜಾರಿ ಹೋಗುತ್ತದೆ. ಹುಳಿ ವಾಸನೆಯ ಸಿಲಿಕೋನ್ ಬೇಡವೇ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ.

ಕಿಟಕಿಯೊಳಗೆ ತರುವ ಮುನ್ನ ಕೇಬಲನ್ನು ಒಂದು ಗೇಣು ಕೆಳಗೆ ಜೋತುಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಬಿಳಿ ನೈಲಾನ್ ಟೈ ಬಿಸಿಲಿಗೆ ಪಟಪಟ ಮುರಿಯುತ್ತದೆ, ಕಪ್ಪನೆಯದೇ ಕೇಳಿ. ಮೇ ತಿಂಗಳಲ್ಲಿ ಸೊಸೈಟಿಯವರು ನೀಲಿ ಟಾರ್ಪಾಲು ಕಟ್ಟಿಸುವಾಗ ಮಾತ್ರ ನೀವೇ ಟೆರೇಸಿನಲ್ಲಿರಿ. ಹಗ್ಗ ಸಿಗದಿದ್ದರೆ ಅವರ ಕಣ್ಣು ಬೀಳುವುದು ನಿಮ್ಮ ಕೇಬಲಿನ ಮೇಲೆಯೇ.