ಫಿಲ್ಮ್ ಕಾಲದ ಫಿಲ್ಟರ್, ಈಗಿನ ಕ್ಯಾಮೆರಾ: ಯಾವುದು ಬ್ಯಾಗಿನಲ್ಲಿ, ಯಾವುದು ಡಬ್ಬಿಯಲ್ಲಿ

ಸೋದರಮಾವ ಕೊಟ್ಟ ಡಬ್ಬಿ ತುಂಬಾ 52 ಎಂಎಂ ಅಗಲದ ಫಿಲ್ಟರ್‌ಗಳು, ಅಂದರೆ ಲೆನ್ಸಿನ ಮುಂದೆ ತಿರುಪಿ ಕೂರಿಸುವ ಗಾಜುಗಳು. ಬಣ್ಣದ ಗಾಜುಗಳು ಡಿಜಿಟಲ್‌ಗೆ ದಂಡ, ಪೋಲರೈಸರ್ (ಹೊಳಪು ಕಳೆಯುವುದು) ಮತ್ತು ಸ್ಟಾರ್ (ದೀಪಕ್ಕೆ ನಕ್ಷತ್ರದ ಕಿರಣ ಮೂಡಿಸುವುದು) ಮಾತ್ರ ಇನ್ನೂ ಕೆಲಸಕ್ಕೆ ಬರುತ್ತವೆ. ಇದು ನನ್ನ ಲೆಕ್ಕ.

ಮೊದಲು ಕೆಂಪು 25ಎ, ಕಪ್ಪುಬಿಳುಪು ಫಿಲ್ಮಿನಲ್ಲಿ ಆಕಾಶ ಕಪ್ಪಾಗಿಸಲು ಹಾಕುತ್ತಿದ್ದ ಗಾಜು. ಬೆಂಗಳೂರಿನ ಅಠಾರಾ ಕಚೇರಿಯ (ಹೈಕೋರ್ಟಿನ ಕೆಂಪು ಕಟ್ಟಡ) ಎದುರು ಒಮ್ಮೆ ಇದನ್ನು ಹಾಕಿ ತೆಗೆದೆ. ಇನ್ನೊಮ್ಮೆ ಹಾಕದೆ ತೆಗೆದು, ರಾ ಫೈಲನ್ನು (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಚಿತ್ರ) ಮನೆಯಲ್ಲಿ ಕೆಂಪು ಎತ್ತಿ, ನೀಲಿ ತಗ್ಗಿಸಿ ಕಪ್ಪುಬಿಳುಪು ಮಾಡಿದೆ. ಎರಡರಲ್ಲೂ ಕೆಂಪು ಗೋಡೆ ಬೆಳ್ಳಗೆ, ನೀಲಿ ಆಕಾಶ ಕಡುಗಪ್ಪು. ದೊಡ್ಡದು ಮಾಡಿ ನೋಡಿದಾಗಲೇ ವ್ಯತ್ಯಾಸ ಗೊತ್ತಾಗಿದ್ದು. ಫಿಲ್ಟರ್ ಹಾಕಿದ್ದರಲ್ಲಿ ಕಿಟಕಿಯ ಅಂಚು ಮಂಕು, ಮರದ ನೆರಳೆಲ್ಲ ರವೆ ಚೆಲ್ಲಿದ ಹಾಗೆ. ಸಾಮಾನ್ಯ ಸೆನ್ಸರ್‌ನಲ್ಲಿ (ಫಿಲ್ಮಿನ ಬದಲು ಬೆಳಕು ಹಿಡಿಯುವ ಚಿಪ್) ಪ್ರತಿ 4 ಪಿಕ್ಸೆಲ್‌ನಲ್ಲಿ ಹಸಿರು ಹಿಡಿಯುವವು 2, ನೀಲಿ 1, ಕೆಂಪು 1. ಕೆಂಪು ಗಾಜು ಮುಂದೆ ಬಂದರೆ ಉಳಿದ ಮೂರಕ್ಕೆ ಹೆಚ್ಚುಕಡಿಮೆ ಕೆಲಸವೇ ಇಲ್ಲ. ಜೊತೆಗೆ ಸುಮಾರು 3 ಸ್ಟಾಪ್ ಬೆಳಕೂ ಹೋಯಿತು (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ). ಕಪ್ಪುಬಿಳುಪು ಫಿಲ್ಮಿಗೆ ಬೇರೆ ದಾರಿ ಇರಲಿಲ್ಲ, ನಮಗೆ ಇದೆ ಅಲ್ವಾ?

ನೀಲಿ 80ಎ ಬಗ್ಗೆ ಹೇಳುವುದೇನೂ ಇಲ್ಲ. ಹಳದಿ ಬಲ್ಬಿನ ಬಣ್ಣ ಸರಿಮಾಡಲು ಅದು 2 ಸ್ಟಾಪ್ ತಿನ್ನುತ್ತದೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಸೆಟ್ಟಿಂಗ್ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತದೆ.

ಪೋಲರೈಸರ್ ಕಥೆ ಬೇರೆ. ಲಾಲ್‌ಬಾಗ್ ಕೆರೆ ದಂಡೆಯಲ್ಲಿ ಮಾವನ ಹಳೇ ಬಗೆಯ ಲೀನಿಯರ್ ಮತ್ತು ಈಗಿನ ಬಗೆಯ ಸರ್ಕ್ಯುಲರ್ ಎರಡನ್ನೂ ತಿರುಗಿಸಿ ನೋಡಿದೆ. ಎರಡೂ ನೀರಿನ ಹೊಳಪು ಕಳೆದು ತಳದ ಎಲೆ ತೋರಿಸಿದವು. ಇದನ್ನು ಯಾವ ಸಾಫ್ಟ್‌ವೇರೂ ಮಾಡಲಾರದು. ಹೊಳಪಿನಡಿ ದಾಖಲಾಗದ ಎಲೆಯನ್ನು ಅದು ಎಲ್ಲಿಂದ ತಂದೀತು? ಹಳೇ ಡಿಎಸ್ಎಲ್ಆರ್‌ಗೆ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಲೀನಿಯರ್ ಹಾಕಿದರೆ ಮಾತ್ರ ಫೋಕಸ್ ತಡಕಾಡಿತು. ಅದರ ಕನ್ನಡಿ ಸ್ವಲ್ಪ ಬೆಳಕನ್ನು ಒಳಗೆ ಬಿಡುವಂಥದ್ದು, ಪೋಲರೈಸ್ ಆದ (ಒಂದೇ ದಿಕ್ಕಿನಲ್ಲಿ ಕಂಪಿಸುವ) ಬೆಳಕು ಬಿದ್ದರೆ ಮೀಟರ್, ಫೋಕಸ್ ಎರಡೂ ದಾರಿ ತಪ್ಪಬಹುದು. ಕನ್ನಡಿಯೇ ಇಲ್ಲದ ಮಿರರ್‌ಲೆಸ್‌ಗೆ ಆ ತಾಪತ್ರಯವಿಲ್ಲ, ಹಳೆಯದೇ ಸಾಕು. ನಿಮ್ಮದು ಯಾವುದು ಅಂತ ಗೊತ್ತಾಗದಿದ್ದರೆ ಲ್ಯಾಪ್‌ಟಾಪ್ ಪರದೆಯ ಮುಂದೆ ಹಿಡಿದು ತಿರುಗಿಸಿ. ಗಾಜಿನ ಯಾವ ಮಗ್ಗುಲಿಂದ ನೋಡಿದರೂ ಕಪ್ಪಾದರೆ ಲೀನಿಯರ್, ಒಂದೇ ಮಗ್ಗುಲಿಂದ ಆದರೆ ಸರ್ಕ್ಯುಲರ್.

ಕೋಟಿಂಗ್ (ಪ್ರತಿಫಲನ ತಡೆಯುವ ಲೇಪ) ಇಲ್ಲದ ಹಳೇ ಯುವಿ ಫಿಲ್ಟರ್ (ಅತಿನೇರಳೆ ಕಿರಣ ತಡೆಯುವುದು) ಬೇಡವೇ ಬೇಡ. ರಾತ್ರಿ ಬೀದಿದೀಪ ತೆಗೆದರೆ ಪಕ್ಕದಲ್ಲಿ ಅದರದೇ ತಲೆಕೆಳಗಾದ ಭೂತದಂಥ ಬಿಂಬ. ಸೆನ್ಸರ್ ಫಿಲ್ಮಿಗಿಂತ ಹೊಳಪು, ಬೆಳಕು ಅಲ್ಲಿಂದ ಪುಟಿದು ಗಾಜಿಗೆ ಬಡಿದು ವಾಪಸು ಬರುತ್ತದೆ. ಮಲ್ಟಿಕೋಟೆಡ್ ಹೊಸದರಲ್ಲಿ ಇದು ತುಂಬಾ ಕಡಿಮೆ. ಆದರೂ ನಾನು ಹಾಕುವುದು ಮೆಟ್ರೊ ಕಾಮಗಾರಿ ಧೂಳಿಗೆ ಹೆದರಿ ಅಷ್ಟೇ.

ಸ್ಟಾರ್ ಫಿಲ್ಟರ್ ಕಡಲೆಕಾಯಿ ಪರಿಷೆಗೆ ಹೇಳಿ ಮಾಡಿಸಿದ್ದು. ರಾಶಿಗಳ ಮೇಲೆ ತೂಗುವ ಬಲ್ಬುಗಳಲ್ಲಿ ಹತ್ತಿರದ್ದಕ್ಕೆ ಉದ್ದ ಕಿರಣ, ದೂರದ್ದಕ್ಕೆ ಚಿಕ್ಕದು. ಫೋನ್ ಆ್ಯಪ್ ಎಲ್ಲಕ್ಕೂ ಒಂದೇ ಅಚ್ಚು ಒತ್ತಿತು.

ನಿಮ್ಮ ಲೆನ್ಸಿನ ಬಾಯಿ 49 ಎಂಎಂ ಆದರೆ ಒಂದು ಸ್ಟೆಪ್-ಅಪ್ ರಿಂಗ್ (ಚಿಕ್ಕ ಲೆನ್ಸಿಗೆ ದೊಡ್ಡ ಫಿಲ್ಟರ್ ಕೂರಿಸುವ ಬಳೆ) ಹಾಕಿ ಇವನ್ನೇ ಬಳಸಬಹುದು. 58ರ ಲೆನ್ಸಿಗೆ ಉಲ್ಟಾ ರಿಂಗ್ ಹಾಕಿ 52 ಕೂರಿಸಲು ಹೋಗಬೇಡಿ, ಮೂಲೆಗಳು ಕಪ್ಪಾಗುವ ಸಂಭವ ಜಾಸ್ತಿ.